ಹಳೆಯ ನಕ್ಷೆಗಳಲ್ಲಿ ಗೋಡೆತೋಟದ ಜಾಡು ಹಿಡಿಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬ್ರಿಟನ್ನಿನಲ್ಲಿ ಇರುವ ಕನ್ನಡಿಗರು ವಾರಾಂತ್ಯಕ್ಕೆ ಹಳ್ಳಿ ಕಡೆ ಹೋದಾಗ ಒಂದಲ್ಲ ಒಂದು ಸಲ ಈ ಗೋಡೆಯನ್ನು ನೋಡಿರುತ್ತೀರಿ. ಎರಡಾಳು ಎತ್ತರದ ಕಲ್ಲಿನ ಅಥವಾ ಇಟ್ಟಿಗೆಯ ಗೋಡೆ. ಒಳಗೆ ಬರೀ ಹುಲ್ಲು, ಇಲ್ಲವೇ ಕ್ರಿಸ್‌ಮಸ್ ಮರಗಳ ಸಾಲು, ಇಲ್ಲವೇ ಯಾರದೋ ಹೊಸ ಮನೆ. ಅದು ಕೋಟೆಯೂ ಅಲ್ಲ, ದನದ ದೊಡ್ಡಿಯೂ ಅಲ್ಲ. ಒಂದು ಕಾಲದಲ್ಲಿ ದೊಡ್ಡ ಮನೆಯ ಅಡುಗೆಗೆ ಬೇಕಾದ ತರಕಾರಿ, ಹಣ್ಣು, ಹೂವು ಎಲ್ಲವನ್ನೂ ವರ್ಷವಿಡೀ ಕೊಡುತ್ತಿದ್ದ ಗೋಡೆತೋಟ ಅದು. ಗೋಡೆ ಕಟ್ಟಿದ್ದು ಕಳ್ಳರಿಗೆ ಹೆದರಿ ಮಾತ್ರ ಅಲ್ಲ. ಗೋಡೆ ಗಾಳಿಯನ್ನು ತಡೆಯುತ್ತದೆ, ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಆ ಚಳಿ ದೇಶದಲ್ಲಿ ಪೀಚ್, ಏಪ್ರಿಕಾಟ್ ಹಣ್ಣಾಗಬೇಕಾದರೆ ಅಷ್ಟು ಬೇಕೇ ಬೇಕು.

ಇಂಥ ತೋಟಗಳ ಬಗ್ಗೆ ಬರಹದ ದಾಖಲೆ ಕಮ್ಮಿ. ಅರಮನೆಯಂಥ ಮನೆಯ ಬಗ್ಗೆ ಪುಸ್ತಕಗಟ್ಟಲೆ ಬರೆದವರು ತೋಟಕ್ಕೆ ಒಂದು ಸಾಲು ಕೊಟ್ಟಿರುತ್ತಾರೆ, ಅಷ್ಟೇ. ಆದರೆ ನಕ್ಷೆ ಮಾಡುವವನು ಗೋಡೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ, ಅಲ್ವಾ? ಅದಕ್ಕೇ ನಕ್ಷೆಯಿಂದ ಶುರು ಮಾಡಬೇಕು. ಒಂದು ಮಾತು ಮೊದಲೇ ಹೇಳುತ್ತೇನೆ. ಒಂದೇ ನಕ್ಷೆ ನಿಮಗೆ ಚರಿತ್ರೆ ಕೊಡುವುದಿಲ್ಲ. ಎರಡು ನಕ್ಷೆಗಳ ನಡುವೆ ಏನು ಬದಲಾಯಿತು ಅನ್ನುವುದೇ ಚರಿತ್ರೆ. ಮುಂದಿನ ಎಲ್ಲ ಹಂತಗಳೂ ಆ ಬದಲಾವಣೆಯನ್ನು ಹಿಡಿಯುವ ದಾರಿಗಳು.

ಉದಾಹರಣೆಗೆ ನಾನು ಸ್ಕಾಟ್ಲೆಂಡಿನ ಡನ್‌ಮೋರ್ ತೋಟವನ್ನು ಇಟ್ಟುಕೊಳ್ಳುತ್ತೇನೆ. ಫಾಲ್ಕರ್ಕ್ ಹತ್ತಿರ, ಏರ್ತ್ ಅನ್ನುವ ಊರಿನ ಪಕ್ಕ ಇದೆ. ಸುಮಾರು ಆರು ಎಕರೆಯ ಗೋಡೆತೋಟ. ಅದರ ಉತ್ತರದ ಗೋಡೆಯ ನಡುವೆ ಕಲ್ಲಿನಲ್ಲಿ ಕೆತ್ತಿದ 14 ಮೀಟರ್ ಎತ್ತರದ ಅನಾನಸ್ ಹಣ್ಣು ನಿಂತಿದೆ. ಹೌದು, ಅನಾನಸ್. ನಮ್ಮ ಮಲೆನಾಡಿನಲ್ಲಿ ಬೇಲಿ ಪಕ್ಕ ನೆಟ್ಟು ಮರೆತರೂ ಬರುವ ಹಣ್ಣನ್ನು ಅಲ್ಲಿ ಕುಲುಮೆ ಉರಿಸಿ, ಗೋಡೆಯ ಪೊಳ್ಳಿನೊಳಗೆ ಬಿಸಿಗಾಳಿ ಹರಿಸಿ ಬೆಳೆಸಿದರು.

ಮೊದಲು ಜಾಗ, ಆಮೇಲೆ ಹೆಸರು

ಉಪಗ್ರಹ ಚಿತ್ರದಲ್ಲಿ ತೋಟವನ್ನು ಹುಡುಕಿ ನಾಲ್ಕೂ ಮೂಲೆ ಗುರುತು ಮಾಡಿ. ಗ್ರಿಡ್ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಎರಡು ವಿಷಯ ತಿಳಿದುಕೊಳ್ಳಿ: ಹಳೆಯ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಯಾವುದು, ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಯಾವುದು. ಇವತ್ತಿನ ಆಡಳಿತದ ಗಡಿ ಹಳೆಯ ದಾಖಲೆಗೆ ಪ್ರಯೋಜನವಿಲ್ಲ. ಡನ್‌ಮೋರ್ ಇವತ್ತು ಫಾಲ್ಕರ್ಕ್ ಕೌನ್ಸಿಲ್‌ಗೆ ಸೇರಿದೆ, ಆದರೆ ಹಳೆಯ ನಕ್ಷೆಗಳಲ್ಲಿ ಅದನ್ನು ಸ್ಟರ್ಲಿಂಗ್‌ಶೈರ್, ಏರ್ತ್ ಪ್ಯಾರಿಷ್ ಅಂತಲೇ ಹುಡುಕಬೇಕು.

ಹೆಸರಿನ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಎಸ್ಟೇಟ್ ಕೈ ಬದಲಾದರೆ ಹೆಸರೂ ಬದಲಾಗುತ್ತದೆ. ಡನ್‌ಮೋರ್ ಎಸ್ಟೇಟ್ ಮೊದಲು ಎಲ್ಫಿನ್‌ಸ್ಟನ್ ಮನೆತನದ್ದು. 1754ರಲ್ಲಿ ಅದು ಡನ್‌ಮೋರ್ ಅರ್ಲ್‌ಗಳ ಕೈಗೆ ಬಂತು (ಅರ್ಲ್ ಅನ್ನುವುದು ಶ್ರೀಮಂತ ಮನೆತನದ ಬಿರುದು). ಹಾಗಾಗಿ ಅದಕ್ಕಿಂತ ಹಿಂದಿನ ನಕ್ಷೆಯಲ್ಲಿ ಡನ್‌ಮೋರ್ ಅಂತ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಎಲ್ಫಿನ್‌ಸ್ಟನ್ ಅಂತ ಹುಡುಕಬೇಕು. ಅದೂ ನಾಲ್ಕಾರು ಕಾಗುಣಿತದಲ್ಲಿ, ಯಾಕೆಂದರೆ ಆಗಿನ ನಕ್ಷೆಗಾರರು ಕಿವಿಗೆ ಬಿದ್ದಂತೆ ಬರೆಯುತ್ತಿದ್ದರು. ನಿಮ್ಮ ತೋಟದ ಮಾಲೀಕರ ಹೆಸರು, ಮನೆಯ ಹಳೆ ಹೆಸರು, ಪಕ್ಕದ ಹಳ್ಳಿಯ ಹಳೆ ಹೆಸರು ಇವುಗಳ ಒಂದು ಪಟ್ಟಿ ಮಾಡಿಕೊಂಡು ಮುಂದಕ್ಕೆ ಹೋಗಿ.

ಇವತ್ತಿನಿಂದ ಹಿಂದಕ್ಕೆ ನಡೆಯಿರಿ

ಎಲ್ಲಕ್ಕಿಂತ ಹಳೆಯ ನಕ್ಷೆಯಿಂದ ಶುರು ಮಾಡುವ ಆಸೆ ಆಗುತ್ತದೆ. ಬೇಡ. ಗೊತ್ತಿರುವುದರಿಂದ ಗೊತ್ತಿಲ್ಲದ ಕಡೆಗೆ ಹೋಗಬೇಕು. ಹೊಸ ನಕ್ಷೆಯಲ್ಲಿ ಗುರುತಿಸಿದ ಮೂಲೆಯನ್ನು ಅದಕ್ಕಿಂತ ಸ್ವಲ್ಪ ಹಳೆಯದರಲ್ಲಿ ಹಿಡಿಯುವುದು ಸುಲಭ, ಅಲ್ಲಿಂದ ಇನ್ನೂ ಹಿಂದಿನದಕ್ಕೆ.

ಇದಕ್ಕೆ ಬೇಕಾದದ್ದು ಹೆಚ್ಚು ಕಡಿಮೆ ಎಲ್ಲವೂ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ನಕ್ಷೆಗಳ ತಾಣದಲ್ಲಿ ಉಚಿತವಾಗಿ ಇದೆ. ಹೆಸರು ಸ್ಕಾಟ್ಲೆಂಡಿನದಾದರೂ ಇಂಗ್ಲೆಂಡ್, ವೇಲ್ಸ್‌ಗಳ ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆಗಳೂ ಅಲ್ಲಿವೆ. ನನ್ನ ಪ್ರಕಾರ ಮನೆಯಲ್ಲೇ ಕೂತು ಮಾಡುವ ಇಂಥ ಹುಡುಕಾಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಅಲ್ಲಿ ಎರಡು ಸಾಧನ ಮುಖ್ಯ. ಒಂದು, ಹಳೆಯ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಹಾಸಿ ಗುಂಡಿ ಎಳೆದು ಮಸುಕು ಮಾಡುವ ನೋಟ. ಇನ್ನೊಂದು, ಎರಡು ಕಾಲದ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ಒಟ್ಟಿಗೇ ಸರಿಸುವ ನೋಟ. ಮೊದಲನೆಯದು ಗೋಡೆ ಅದೇ ಜಾಗದಲ್ಲಿದೆಯಾ ಅಂತ ನೋಡಲು, ಎರಡನೆಯದು ಒಳಗಿನ ವಿವರ ಹೋಲಿಸಲು.

ಆರ್ಡ್‌ನೆನ್ಸ್ ಸರ್ವೆಯ ಎರಡು ಅಳತೆಯ ನಕ್ಷೆಗಳು ನಿಮ್ಮ ಕೆಲಸಕ್ಕೆ ಬರುತ್ತವೆ. ಒಂದು ಮೈಲಿಗೆ 6 ಇಂಚಿನದು, ಇನ್ನೊಂದು ಮೈಲಿಗೆ 25 ಇಂಚಿನದು. 6 ಇಂಚಿನದು 1840ರ ದಶಕದಿಂದ ಬಂತು, 25 ಇಂಚಿನದು 1850ರ ದಶಕದಿಂದ. ಜಾಗ ಹುಡುಕಲು 6 ಇಂಚು ಸಾಕು. ಓದಲು ಮಾತ್ರ 25 ಇಂಚಿನದೇ ಬೇಕು.

ಯಾವ ಹಾಳೆ ತೆರೆದರೂ ಮೊದಲು ಅಂಚು ನೋಡಿ. ಅಲ್ಲಿ ಸರ್ವೆ ಮಾಡಿದ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ ಇರುತ್ತದೆ. ಎರಡರ ನಡುವೆ ಕೆಲವು ವರ್ಷಗಳ ಅಂತರ ಇರಬಹುದು. ನಿಮಗೆ ಬೇಕಾದದ್ದು ಸರ್ವೆ ವರ್ಷ. ಮರು ಪರಿಷ್ಕರಣೆಯ ಹಾಳೆಯಾದರೆ ಪರಿಷ್ಕರಿಸಿದ ವರ್ಷ. ಟಿಪ್ಪಣಿಯಲ್ಲಿ ಅಚ್ಚಿನ ವರ್ಷ ಬರೆದುಬಿಟ್ಟರೆ ಮುಂದಿನ ಲೆಕ್ಕ ಎಲ್ಲ ತಪ್ಪುತ್ತದೆ.

25 ಇಂಚಿನ ಹಾಳೆಯನ್ನು ನಿಧಾನವಾಗಿ ಓದಿ

ಇಲ್ಲಿ ಸಮಯ ಕೊಡಿ. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾಗುವ ಭಾಗವೂ ಇದೇ.

ಈ ನಕ್ಷೆಯ ಅಳತೆ 1ಕ್ಕೆ 2500. ಅಂದರೆ ಕಾಗದದ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ ಎರಡೂವರೆ ಮೀಟರ್. ಕಾಗದದ ಒಂದು ಚದರ ಇಂಚು ನೆಲದ ಮೇಲೆ ಸುಮಾರು ಒಂದು ಎಕರೆ. ಹಾಗಾಗಿ ತೋಟ ಎಷ್ಟು ದೊಡ್ಡದು ಅಂತ ಕಣ್ಣಲ್ಲೇ ಅಂದಾಜು ಮಾಡಬಹುದು. ಡನ್‌ಮೋರ್‌ನ ಆರು ಎಕರೆ ಅಂದರೆ ಕಾಗದದ ಮೇಲೆ ಆರು ಚದರ ಇಂಚು. ಅಂಗೈಗಿಂತ ಚಿಕ್ಕದು, ಆದರೆ ಅಷ್ಟರಲ್ಲೇ ತುಂಬ ವಿಷಯ ಹಿಡಿಸುತ್ತದೆ.

ಗಟ್ಟಿ ಗೆರೆ ಅಂದರೆ ದಾಟಲಾಗದ ಅಡ್ಡ. ಅದು ಗೋಡೆಯೂ ಆಗಬಹುದು, ಬೇಲಿಯೂ ಆಗಬಹುದು, ಪೊದೆಯ ಸಾಲೂ ಆಗಬಹುದು. ನಕ್ಷೆ ಇದನ್ನು ಬಿಡಿಸಿ ಹೇಳುವುದಿಲ್ಲ. ಮತ್ತೆ ಗೋಡೆ ಅಂತ ಗೊತ್ತಾಗುವುದು ಹೇಗೆ? ಸುತ್ತಮುತ್ತ ನೋಡಿ. ನೇರವಾದ ಗೆರೆ, ಚೊಕ್ಕವಾದ ಮೂಲೆ, ಗೆರೆಗೆ ಒತ್ತಿಕೊಂಡು ನಿಂತ ಸಣ್ಣ ಸಣ್ಣ ಕಟ್ಟಡಗಳು, ಒಳಗೆ ನಾಲ್ಕು ಭಾಗವಾಗಿ ಸೀಳಿದ ದಾರಿಗಳು, ಇಷ್ಟು ಒಟ್ಟಿಗೆ ಸಿಕ್ಕರೆ ಅದು ಗೋಡೆತೋಟವೇ. ಎರಡು ಸಮಾನಾಂತರ ತುಂಡುಗೆರೆ ಅಂದರೆ ಬೇಲಿ ಇಲ್ಲದ ಕಾಲುದಾರಿ.

ಗಾಜಿನ ಮನೆಗಳನ್ನು ಅಡ್ಡಡ್ಡ ಗೆರೆ ಎಳೆದ ಜಾಲದ ಹಾಗೆ ತೋರಿಸಿರುತ್ತಾರೆ. ಇವನ್ನು ತಪ್ಪದೆ ಎಣಿಸಿ. ಯಾವ ಗೋಡೆಗೆ ಆನಿಸಿವೆ, ಎಷ್ಟು ಉದ್ದ, ಯಾವುದು ಗೋಡೆಯಿಂದ ದೂರ ಒಂಟಿಯಾಗಿ ನಿಂತಿದೆ, ಎಲ್ಲ ಬರೆದುಕೊಳ್ಳಿ. ಗೋಡೆಗೆ ಒರಗಿದ ಉದ್ದನೆಯ ಗಾಜಿನ ಮನೆ ದ್ರಾಕ್ಷಿಯದೋ ಪೀಚಿನದೋ ಇರಬಹುದು. ನೆಲಕ್ಕೆ ತಗ್ಗಾಗಿ ಚಿಕ್ಕ ಚಿಕ್ಕ ಆಯತಗಳು ಸಾಲಾಗಿದ್ದರೆ ಕಲ್ಲಂಗಡಿ ಜಾತಿಯ ಬಳ್ಳಿಗೋ ಸೌತೆಗೋ ಮಾಡಿದ ಗಾಜು ಮುಚ್ಚಿದ ಗುಂಡಿಗಳು ಇರಬಹುದು. ಇಲ್ಲೆಲ್ಲ ಇರಬಹುದು ಅಂತಲೇ ಬರೆದಿಡಿ. ನಕ್ಷೆ ಗಾಜನ್ನು ತೋರಿಸುತ್ತದೆ, ಒಳಗಿನ ಗಿಡವನ್ನಲ್ಲ.

ಅಕ್ಷರಗಳನ್ನೂ ಗಮನಿಸಿ. ಪಿ ಅಂದರೆ ನೀರಿನ ಪಂಪು. ಡಬ್ಲ್ಯು ಅಂದರೆ ಬಾವಿ. ಎಸ್ ಡಿ ಅಂದರೆ ಸೂರ್ಯನ ನೆರಳು ನೋಡಿ ಹೊತ್ತು ಹೇಳುವ ಕಲ್ಲು. ನಾಲ್ಕು ದಾರಿ ಕೂಡುವ ನಡುಮಧ್ಯೆ ಒಂದು ಸಣ್ಣ ವೃತ್ತ ಕಂಡರೆ ಅದು ನೀರು ಮೊಗೆಯುವ ಕೊಳ ಆಗಿರುವ ಸಾಧ್ಯತೆ ಜಾಸ್ತಿ. ತೋಟಗಾರರು ಕ್ಯಾನು ಅದ್ದಿ ನೀರು ತುಂಬಿಸುತ್ತಿದ್ದದ್ದು ಅಲ್ಲೇ.

ಉತ್ತರದ ಗೋಡೆಯ ಹೊರಬದಿಯನ್ನು ಬಿಡಲೇಬೇಡಿ. ಹೆಚ್ಚಿನವರ ಕಣ್ಣು ತೋಟದ ಒಳಗೇ ಇರುತ್ತದೆ. ಆದರೆ ಕೆಲಸ ನಡೆಯುತ್ತಿದ್ದದ್ದು ಆ ಗೋಡೆಯ ಹಿಂದಿನ ನೆರಳಿನಲ್ಲಿ. ಬಾಯ್ಲರ್ ಕೋಣೆ, ಕುಂಡ ಇಡುವ ಕೊಟ್ಟಿಗೆ, ಹಣ್ಣು ಕಾಪಿಡುವ ಕೋಣೆ, ಅಣಬೆ ಬೆಳೆಯುವ ಕತ್ತಲೆ ಕೋಣೆ, ಮದುವೆಯಾಗದ ಎಳೆಯ ತೋಟಗಾರರು ಒಟ್ಟಿಗೆ ಮಲಗುತ್ತಿದ್ದ ಮನೆ, ಇವೆಲ್ಲ ಸಾಲಾಗಿ ಅಲ್ಲೇ. ಗೋಡೆಯ ಒಂದು ಬದಿಗೆ ಗಾಜು, ಇನ್ನೊಂದು ಬದಿಗೆ ಕಟ್ಟಡ ಇದ್ದರೆ ಆ ಗೋಡೆಯನ್ನು ಬಿಸಿ ಮಾಡುತ್ತಿದ್ದರು ಅಂತ ಊಹೆ ಮಾಡಬಹುದು. ಊರ್ಜಿತ ಮಾಡಬೇಕಾದರೆ ಸ್ಥಳಕ್ಕೇ ಹೋಗಬೇಕು.

ಮೊದಲ ಆವೃತ್ತಿ ಮತ್ತು ಎರಡನೇ ಆವೃತ್ತಿ ಎರಡನ್ನೂ ಇಟ್ಟುಕೊಂಡು ಹೋಲಿಸುವಾಗ ಒಂದು ಎಚ್ಚರ. ಮೊದಲ ಆವೃತ್ತಿಯಲ್ಲಿ ತೋಟದ ಒಳದಾರಿ, ಬಿಡಿ ಮರಗಳನ್ನೂ ಮುದ್ದಾಗಿ ಬರೆದಿರುತ್ತಾರೆ. ನಂತರದವುಗಳಲ್ಲಿ ಈ ವಿವರ ಕಮ್ಮಿಯಾಗುತ್ತಾ ಬರುತ್ತದೆ. ಹಾಗಾಗಿ ಒಂದು ದಾರಿ ಕಾಣೆಯಾದರೆ ಅದನ್ನು ಅಗೆದು ತೆಗೆದರು ಅಂತ ಹೇಳಿಬಿಡಬೇಡಿ. ನಕ್ಷೆಗಾರ ಬರೆಯದೇ ಬಿಟ್ಟಿರಬಹುದು. ಗಾಜಿನ ಮನೆ ಕಾಣೆಯಾದರೆ ಮಾತು ಬೇರೆ. ಅದು ಕಟ್ಟಡ. ಅದನ್ನು ಸುಮ್ನೆ ಬಿಡುವುದಿಲ್ಲ.

ಮೊದಲ ಆವೃತ್ತಿಯ ಹಾಳೆಗಳಲ್ಲಿ ಪ್ರತಿ ತುಂಡು ನೆಲಕ್ಕೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ವಿವರ ಬೇರೆ ಪುಸ್ತಕದಲ್ಲಿ ಅಚ್ಚಾಗುತ್ತಿತ್ತು, ವಿಸ್ತೀರ್ಣ ಮತ್ತು ನೆಲದ ಬಳಕೆಯ ಜೊತೆ. ಆಮೇಲಿನ ಹಾಳೆಗಳಲ್ಲಿ ಸಂಖ್ಯೆಯ ಕೆಳಗೇ ವಿಸ್ತೀರ್ಣ ಅಚ್ಚು ಮಾಡಿದರು. ಸ್ಕಾಟ್ಲೆಂಡಿಗೆ ಇನ್ನೊಂದು ಭಾಗ್ಯ ಇದೆ. ಸರ್ವೆಯವರು ಪ್ರತಿ ಜಾಗದ ಹೆಸರನ್ನೂ ಊರವರಲ್ಲಿ ಕೇಳಿ, ಕಾಗುಣಿತ ಖಾತ್ರಿ ಮಾಡಿಕೊಂಡು, ಒಂದೆರಡು ಸಾಲಿನ ವರ್ಣನೆ ಸಮೇತ ಬರೆದಿಟ್ಟ ಹೆಸರಿನ ಪುಸ್ತಕಗಳು ಅಂತರ್ಜಾಲದಲ್ಲಿ ಓದಲು ಸಿಗುತ್ತವೆ. ಅಲ್ಲಿ ಮನೆಯ ಹೆಸರನ್ನೂ ಹುಡುಕಿ, ತೋಟದ ಹೆಸರನ್ನೂ ಹುಡುಕಿ.

ದಿಕ್ಕೇ ಅರ್ಧ ಉತ್ತರ

ನಕ್ಷೆಯ ಮೇಲೆ ತೋಟದ ದಿಕ್ಕು ನೋಡಿ. ಭೂಮಿಯ ಆ ಭಾಗದಲ್ಲಿ ಬಿಸಿಲು ಬರುವುದು ದಕ್ಷಿಣದಿಂದ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೇ ಬೆಲೆ ಜಾಸ್ತಿ. ಪೀಚ್, ಏಪ್ರಿಕಾಟ್, ದ್ರಾಕ್ಷಿ ಎಲ್ಲ ಅಲ್ಲಿಗೆ. ಉತ್ತರಕ್ಕೆ ಮುಖ ಮಾಡಿದ ತಣ್ಣನೆಯ ಗೋಡೆಗೆ ಹುಳಿ ಚೆರ್ರಿ. ಕೆಲವು ತೋಟಗಳು ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಇರುವುದು, ಆ ದಕ್ಷಿಣಮುಖದ ಗೋಡೆ ಆದಷ್ಟು ಉದ್ದ ಸಿಗಲಿ ಅಂತ.

ಗೋಡೆಯ ಹೊರಗೂ ಒಂದು ಪಟ್ಟಿ ಭೂಮಿ ಇದ್ದು, ಅದಕ್ಕೂ ಬೇಲಿ ಇದ್ದರೆ ಅದನ್ನೂ ತೋಟದ ಭಾಗವಾಗಿಯೇ ಲೆಕ್ಕ ಹಾಕಿ. ಗೋಡೆಯ ಹೊರಮೈಯಲ್ಲೂ ಹಣ್ಣಿನ ಗಿಡ ಹಬ್ಬಿಸುತ್ತಿದ್ದರು, ದುಡ್ಡು ಸುರಿದು ಕಟ್ಟಿದ ಗೋಡೆಯ ಎರಡೂ ಮೈ ದುಡಿಯಲಿ ಅಂತ.

ತೋಟದ ನಟ್ಟನಡುವೆ ಯಾವುದಕ್ಕೂ ಅಂಟಿಕೊಳ್ಳದ ಒಂದು ನೇರ ಗೆರೆ ಕಂಡರೆ ಅದನ್ನು ದಾಟಿ ಹೋಗಬೇಡಿ. ವೂಸ್ಟರ್‌ಶೈರ್‌ನ ಕ್ರೂಮ್ ತೋಟ ಸುಮಾರು ಏಳು ಎಕರೆ. ಅದರ ನಡುವೆ ಪೂರ್ವ ಪಶ್ಚಿಮವಾಗಿ ಒಂಟಿ ಗೋಡೆ ಇದೆ. 1806ರ ಸುಮಾರಿಗೆ ಕಟ್ಟಿದ ಬಿಸಿ ಗೋಡೆ ಅದು. ಐದು ಕುಲುಮೆ ಉರಿಸಿ ಗೋಡೆಯ ಒಳಗಿನ ಹೊಗೆದಾರಿಯಲ್ಲಿ ಬಿಸಿ ಹರಿಸುತ್ತಿದ್ದರು, ವಸಂತದ ಹಿಮ ಪೀಚಿನ ಹೂವನ್ನು ಕೊಲ್ಲದಿರಲಿ ಅಂತ. ನಕ್ಷೆಯಲ್ಲಿ ಅದು ಬರೀ ಒಂದು ಗೆರೆ.

ಮನೆಯಿಂದ ತೋಟ ಎಷ್ಟು ದೂರ ಅಂತಲೂ ಅಳೆಯಿರಿ. 18ನೇ ಶತಮಾನದ ನಡುವಿನಲ್ಲಿ ತೋಟ ವಿನ್ಯಾಸಕಾರ ಕೇಪಬಿಲಿಟಿ ಬ್ರೌನ್ ಮತ್ತು ಅವನ ಕಾಲದವರ ಶೈಲಿ ಬಂದಾಗ ಮನೆಯ ಸುತ್ತ ಹುಲ್ಲುಗಾವಲು, ಕೆರೆ, ಮರಗಳ ಗುಂಪು ಬೇಕಾಯಿತು. ತರಕಾರಿ ತೋಟ ಕಣ್ಣಿಗೆ ಬೀಳಬಾರದಾಯಿತು. ಮನೆಗೆ ಅಂಟಿದ್ದ ಹಳೆಯ ತೋಟವನ್ನು ನೆಲಸಮ ಮಾಡಿ, ದೂರದಲ್ಲಿ, ಮರಗಳ ಮರೆಯಲ್ಲಿ ಹೊಸದು ಕಟ್ಟಿದ ಎಸ್ಟೇಟುಗಳು ಬಹಳ. ನಿಮ್ಮ ತೋಟ ಮನೆಯಿಂದ ಅರ್ಧ ಮೈಲಿ ದೂರ ಇದ್ದರೆ ಈ ಕಾಲದ್ದೇ ಅಂತ ಅನುಮಾನ ಪಡಿ, ಮತ್ತು ಅದಕ್ಕಿಂತ ಹಳೆಯದೊಂದು ತೋಟ ಮನೆಯ ಪಕ್ಕ ಇತ್ತಾ ಅಂತ ಹುಡುಕಿ.

ಆದರೆ ಮನೆಗೋಸ್ಕರವೇ ತೋಟ ಮಾಡಿದ್ದು ಅಂತ ಕಣ್ಣುಮುಚ್ಚಿ ನಂಬಲೂ ಬೇಡಿ. ಡನ್‌ಮೋರ್‌ನಲ್ಲಿ ಇವತ್ತು ಪಾಳು ಬಿದ್ದಿರುವ ದೊಡ್ಡ ಮನೆ ಕಟ್ಟಿದ್ದು 1820ರ ದಶಕದಲ್ಲಿ, ವಿಲಿಯಂ ವಿಲ್ಕಿನ್ಸ್ ಅನ್ನುವ ವಾಸ್ತುಶಿಲ್ಪಿಯ ಕೈಯಲ್ಲಿ. ಅನಾನಸ್ ನಿಂತಿರುವ ತೋಟದ ಮಂಟಪದ ಮೇಲಿನ ವರ್ಷ 1761. ತೋಟ ಮನೆಗಿಂತ ಸುಮಾರು ಅರವತ್ತು ವರ್ಷ ಹಿರಿಯದು! 1860ರ ಸುಮಾರಿನ ಆರ್ಡ್‌ನೆನ್ಸ್ ನಕ್ಷೆ ಒಂದನ್ನೇ ನೋಡಿದವರಿಗೆ ಮನೆ, ತೋಟ ಎರಡೂ ಒಟ್ಟಿಗೆ ಕಾಣುತ್ತವೆ, ಒಂದೇ ಕಾಲದ್ದು ಅನ್ನಿಸುತ್ತದೆ. ಅದಕ್ಕೇ ಹಿಂದಕ್ಕೆ ಹೋಗಬೇಕು.

ಆರ್ಡ್‌ನೆನ್ಸ್ ಸರ್ವೆಗಿಂತ ಹಿಂದೆ

ಇಲ್ಲಿ ಇಂಗ್ಲೆಂಡ್, ವೇಲ್ಸ್‌ಗಳ ದಾರಿ ಬೇರೆ, ಸ್ಕಾಟ್ಲೆಂಡಿನ ದಾರಿ ಬೇರೆ.

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಟೈತ್ ನಕ್ಷೆಗಳಿವೆ. ಚರ್ಚಿಗೆ ಬೆಳೆಯ ಹತ್ತನೇ ಒಂದು ಪಾಲು ಕೊಡುವ ಪದ್ಧತಿಯನ್ನು 1836ರ ಕಾಯ್ದೆ ಹಣದ ಲೆಕ್ಕಕ್ಕೆ ಬದಲಿಸಿತು. ಅದಕ್ಕಾಗಿ ಪ್ಯಾರಿಷ್ ಪ್ಯಾರಿಷ್‌ಗೂ ನಕ್ಷೆ ಮಾಡಿದರು, ಹೆಚ್ಚಿನವು 1840ರ ದಶಕದ ಹೊತ್ತಿಗೆ ಆಗಿದ್ದವು. ನಕ್ಷೆಯ ಜೊತೆ ಒಂದು ಪಟ್ಟಿ ಇರುತ್ತದೆ: ನೆಲದ ಸಂಖ್ಯೆ, ಮಾಲೀಕ, ಸಾಗುವಳಿದಾರ, ಹೆಸರು, ಬಳಕೆ, ವಿಸ್ತೀರ್ಣ. ನಮ್ಮ ಪಹಣಿ ನೋಡಿ ಅಭ್ಯಾಸ ಇರುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ವಿಸ್ತೀರ್ಣ ಎಕರೆ, ರೂಡ್, ಪರ್ಚ್‌ಗಳಲ್ಲಿ ಇರುತ್ತದೆ. 40 ಪರ್ಚ್‌ಗೆ ಒಂದು ರೂಡ್, 4 ರೂಡ್‌ಗೆ ಒಂದು ಎಕರೆ. ಅದೃಷ್ಟ ಇದ್ದರೆ ಕಿಚನ್ ಗಾರ್ಡನ್ ಅಂತ ಪ್ರತ್ಯೇಕ ಸಾಲೇ ಸಿಗುತ್ತದೆ. ಇಲ್ಲದಿದ್ದರೆ ಮನೆ, ತೋಟ, ಅಂಗಳ ಎಲ್ಲ ಒಂದೇ ಸಂಖ್ಯೆಯಲ್ಲಿ ಮುದ್ದೆ ಮಾಡಿರುತ್ತಾರೆ. ವೇಲ್ಸ್‌ನ ಟೈತ್ ನಕ್ಷೆಗಳು ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಉಚಿತ. ಇಂಗ್ಲೆಂಡಿನವಕ್ಕೆ ಆಯಾ ಕೌಂಟಿಯ ದಾಖಲೆ ಕಚೇರಿಯನ್ನು ಮೊದಲು ಕೇಳಿ.

ಸ್ಕಾಟ್ಲೆಂಡಿನಲ್ಲಿ ಟೈತ್ ನಕ್ಷೆಗಳೇ ಇಲ್ಲ. ಅದರ ಬದಲು ಎಸ್ಟೇಟ್ ನಕ್ಷೆಗಳು ಮತ್ತು ಕೌಂಟಿ ನಕ್ಷೆಗಳು. ಎಸ್ಟೇಟ್ ನಕ್ಷೆ ಎಲ್ಲಕ್ಕಿಂತ ಒಳ್ಳೆಯದು, ಯಾಕೆಂದರೆ ಅದನ್ನು ಮಾಲೀಕನೇ ತನ್ನ ಆಸ್ತಿ ತಿಳಿಯಲು ಮಾಡಿಸಿದ್ದು. ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್‌ನಲ್ಲಿ ಆರ್ ಎಚ್ ಪಿ ಅನ್ನುವ ಸಂಖ್ಯೆಯ ಕೆಳಗೆ ಇಂಥ ನಕ್ಷೆಗಳ ದೊಡ್ಡ ಸಂಗ್ರಹ ಇದೆ. ಒಂದು ಅಪಾಯ ಮಾತ್ರ ಇದೆ. ಕೆಲವು ಎಸ್ಟೇಟ್ ನಕ್ಷೆಗಳು ಇದ್ದದ್ದನ್ನಲ್ಲ, ಮಾಡಬೇಕು ಅಂದುಕೊಂಡದ್ದನ್ನು ತೋರಿಸುತ್ತವೆ. ತೋಟ ವಿನ್ಯಾಸಕಾರ ಮಾಲೀಕನನ್ನು ಒಪ್ಪಿಸಲು ಬರೆದ ಚಂದದ ಬಣ್ಣದ ಚಿತ್ರ ಅದು. ಕಟ್ಟಿದರೋ ಇಲ್ಲವೋ ಅನ್ನುವುದನ್ನು ಮುಂದಿನ ನಕ್ಷೆಯೇ ಹೇಳಬೇಕು.

ಕೌಂಟಿ ನಕ್ಷೆಗಳು ಚಿಕ್ಕ ಅಳತೆಯವು. ಗೋಡೆತೋಟ ಅಲ್ಲಿ ಕಂಡರೂ ಒಂದು ಚುಕ್ಕೆ. ಆದರೆ ಮನೆ ಇದೆಯಾ, ಯಾರದು, ಸುತ್ತ ಪಾರ್ಕ್ ಇದೆಯಾ ಅಂತ ಹೇಳುತ್ತವೆ. ಸ್ಟರ್ಲಿಂಗ್‌ಶೈರ್‌ಗೆ ಚಾರ್ಲ್ಸ್ ರಾಸ್ ಮಾಡಿದ 1780ರ ನಕ್ಷೆ ಇದೆ, ಜಾನ್ ಗ್ರಾಸಮ್ ಮಾಡಿದ 1817ರ ನಕ್ಷೆ ಇದೆ. ಎರಡೂ ಡನ್‌ಮೋರ್‌ನ ಹೊಸ ಮನೆಗಿಂತ ಹಿಂದಿನವು, ಎರಡೂ ತೋಟಕ್ಕಿಂತ ಆಮೇಲಿನವು. ಈ ಎರಡನ್ನೂ 1860ರ ಸುಮಾರಿನ ಆರ್ಡ್‌ನೆನ್ಸ್ ಹಾಳೆಯನ್ನೂ ಸಾಲಾಗಿ ಇಟ್ಟು ನೋಡಿದರೆ ಎಸ್ಟೇಟಿನ ಆಕಾರ ಹೇಗೆ ತಿರುಗಿತು ಅಂತ ತಿಳಿಯುತ್ತದೆ. ರಸ್ತೆ ಪಕ್ಕದ ಮನೆಗಳಿಗೆ ಟೇಲರ್ ಮತ್ತು ಸ್ಕಿನ್ನರ್ 1776ರಲ್ಲಿ ತಂದ ರಸ್ತೆ ನಕ್ಷೆಗಳೂ ಉಪಯೋಗ, ಮಾಲೀಕರ ಹೆಸರು ಬರೆದಿರುತ್ತಾರೆ. ಒಬ್ಬರ ನಕ್ಷೆಯನ್ನು ಇನ್ನೊಬ್ಬರು ನಕಲು ಮಾಡುವುದು ಆಗ ಮಾಮೂಲು, ಹಾಗಾಗಿ ಎರಡು ನಕ್ಷೆ ಒಂದೇ ಮಾತು ಹೇಳಿದರೆ ಎರಡು ಸಾಕ್ಷಿ ಸಿಕ್ಕಿತು ಅಂತ ಕುಣಿಯಬೇಡಿ.

ಅದಕ್ಕೂ ಹಿಂದೆ ವಿಲಿಯಂ ರಾಯ್‌ನ ಸೇನಾ ಸರ್ವೆ, 1747ರಿಂದ 1755. ಹಳೆಯ ಸ್ಟುವರ್ಟ್ ರಾಜಮನೆತನವನ್ನು ಮತ್ತೆ ಗದ್ದುಗೆಗೆ ತರಲು ನಡೆದ ಜಾಕೊಬೈಟ್ ದಂಗೆಯ ನಂತರ ಸೇನೆಗೆ ದೇಶದ ಒಳದಾರಿಗಳು ತಿಳಿಯಬೇಕಿತ್ತು, ಅದಕ್ಕೇ ಮಾಡಿಸಿದ್ದು. ಕೈಯಲ್ಲಿ ಬರೆದ ನಕ್ಷೆ, ಮೂಲ ಬ್ರಿಟಿಷ್ ಲೈಬ್ರರಿಯಲ್ಲಿದೆ, ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಮನೆಯಿಂದಲೇ ನೋಡಬಹುದು. ಕಟ್ಟಡ ಕೆಂಪು, ಕಾಡು ಹಸಿರು, ಉಳುವ ನೆಲ ಹಳದಿ. ನೋಡಲು ಚಂದ, ಆದರೆ ಸರಪಳಿ ಮತ್ತು ದಿಕ್ಸೂಚಿ ಹಿಡಿದು ಅವಸರದಲ್ಲಿ ಮಾಡಿದ್ದು. ಸೈನಿಕನಿಗೆ ರಸ್ತೆ, ನದಿ, ಗುಡ್ಡ ಮುಖ್ಯ, ತೋಟದ ಮೂಲೆ ಅಲ್ಲ. ಅಲ್ಲಿ ತೋಟ ಕಾಣದಿದ್ದರೆ ತೋಟ ಇರಲಿಲ್ಲ ಅಂತ ಅರ್ಥವಲ್ಲ. ಕಂಡರೆ ಮಾತ್ರ ಒಳ್ಳೆಯ ಸಾಕ್ಷಿ.

ಇದೇ ಸ್ಕಾಟ್ಲೆಂಡಿನಿಂದ ಬಂದ ಒಬ್ಬ ನಮ್ಮ ನೆಲವನ್ನೂ ಅಳೆದ ಅನ್ನುವುದು ಇಲ್ಲಿ ನೆನಪಾಗುತ್ತದೆ. ಸ್ಟೋರ್ನೊವೇ ಊರಿನ ಕಾಲಿನ್ ಮೆಕೆಂಜಿ, ಟಿಪ್ಪು ಸತ್ತ ಮೇಲೆ ಮೈಸೂರು ಸರ್ವೆ ನಡೆಸಿ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅವನ ಸರ್ವೆ ಸಂಗ್ರಹದಲ್ಲಿ ನಕ್ಷೆಯ ಜೊತೆ ಊರಿನ ಕೈಫಿಯತ್ತು, ಶಾಸನ ಎಲ್ಲ ಇವೆ. ನಕ್ಷೆಯನ್ನು ಬರಹದ ಜೊತೆ ಸೇರಿಸಿ ಓದುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ತೆರಿಗೆ ರದ್ದಾದ ವರ್ಷಗಳನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ

ಬ್ರಿಟನ್ನಿನಲ್ಲಿ ಗಾಜಿನ ಮೇಲೆ ತೆರಿಗೆ ಇತ್ತು, 1845ರಲ್ಲಿ ತೆಗೆದರು. ಇಟ್ಟಿಗೆಯ ಮೇಲೆ 1784ರಿಂದ 1850ರವರೆಗೆ ಇತ್ತು. ಗಾಜಿನ ತೆರಿಗೆ ಹೋದ ಮೇಲೆ ತೋಟಗಳಲ್ಲಿ ಗಾಜಿನ ಮನೆಗಳು ಹೆಚ್ಚಿದವು. ಹಾಗಾಗಿ 1840ರ ಟೈತ್ ನಕ್ಷೆಯಲ್ಲಿ ಖಾಲಿ ಇದ್ದ ಗೋಡೆಗೆ 1880ರ 25 ಇಂಚಿನ ಹಾಳೆಯಲ್ಲಿ ಸಾಲುಸಾಲು ಗಾಜು ಬಂದಿದ್ದರೆ ಕಾರಣ ನಿಮ್ಮ ಕೈಯಲ್ಲೇ ಇದೆ. ಅದೇ ಕಾಲಕ್ಕೆ ಬಿಸಿನೀರಿನ ಕೊಳವೆಯಿಂದ ಕಾಯಿಸುವ ವಿಧಾನವೂ ಹರಡಿತ್ತು. ಅನಾನಸ್ ಬೆಳೆಯಲು ಅದಕ್ಕೂ ಮುಂಚೆ ಗೊಬ್ಬರ ಮತ್ತು ಚರ್ಮ ಹದಮಾಡಿ ಉಳಿದ ಓಕ್ ತೊಗಟೆಯನ್ನು ಗುಂಡಿಯಲ್ಲಿ ಕೊಳೆಸಿ, ಅದರ ಶಾಖದಲ್ಲಿ ಕುಂಡ ಹೂತಿಡುತ್ತಿದ್ದರು. ಒಂದು ಹಣ್ಣಿಗೆ ಎರಡು ಮೂರು ವರ್ಷ ಕಾಯಬೇಕಿತ್ತು.

20ನೇ ಶತಮಾನ: ತೋಟ ಸಾಯುವ ಕಥೆ

ಹುಟ್ಟಿದ್ದು ಹುಡುಕಿದ ಮೇಲೆ ಹೇಗೆ ಮುಗಿಯಿತು ಅಂತಲೂ ನೋಡಬೇಕು. ಮೊದಲನೇ ಮಹಾಯುದ್ಧಕ್ಕೆ ತೋಟಗಾರರು ಹೊರಟುಹೋದರು. ಕಾರ್ನ್‌ವಾಲ್‌ನ ಹೆಲಿಗನ್ ತೋಟದ ಶೌಚದ ಕೋಣೆಯ ಗೋಡೆಯ ಮೇಲೆ ಕೆಲಸಗಾರರು ಪೆನ್ಸಿಲ್‌ನಲ್ಲಿ ಬರೆದ ಹೆಸರುಗಳಿವೆ, ಜೊತೆಗೆ 1914ರ ಆಗಸ್ಟ್ ಅನ್ನುವ ತಾರೀಖು. ಅವರಲ್ಲಿ ಹಲವರು ವಾಪಸು ಬರಲಿಲ್ಲ. ನಕ್ಷೆಯಲ್ಲಿ ಇದೇ ಕಥೆ ಬೇರೆ ರೀತಿ ಕಾಣುತ್ತದೆ: 1900ರ ಸುಮಾರಿನ ಹಾಳೆಯಲ್ಲಿದ್ದ ಗಾಜಿನ ಜಾಲಗಳು ಎರಡು ಯುದ್ಧಗಳ ನಡುವಿನ ಪರಿಷ್ಕರಣೆಯಲ್ಲಿ ಒಂದೊಂದಾಗಿ ಮಾಯ. ಕೆಲವೊಮ್ಮೆ ನರ್ಸರಿ ಅಂತ ಹೊಸ ಬರಹ ಬರುತ್ತದೆ, ಅಂದರೆ ತೋಟವನ್ನು ಯಾರಿಗೋ ಗೇಣಿಗೆ ಕೊಟ್ಟು ಮಾರುಕಟ್ಟೆಗೆ ಬೆಳೆಯತೊಡಗಿದರು.

ಈ ಕಾಲಕ್ಕೆ ಮೂರು ದಾಖಲೆ ನೋಡಿ. 1910ರ ಭೂಮಿ ಮೌಲ್ಯಮಾಪನದ ನಕ್ಷೆ ಮತ್ತು ಪುಸ್ತಕಗಳು: ಇಂಗ್ಲೆಂಡ್, ವೇಲ್ಸ್‌ಗಳ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಐ ಆರ್ 58 ಅನ್ನುವ ಸರಣಿಯಲ್ಲಿವೆ, ಸ್ಕಾಟ್ಲೆಂಡಿನವು ಎಡಿನ್‌ಬರೋದಲ್ಲಿ. ಎರಡನೆಯದು 1941ರಿಂದ 1943ರ ಹೊಲಗಳ ಸರ್ವೆ, ಕ್ಯೂನಲ್ಲೇ ಎಮ್ ಎ ಎಫ್ 32. ಮೂರನೆಯದು ಎಸ್ಟೇಟ್ ಹರಾಜಾದಾಗ ಅಚ್ಚು ಹಾಕಿದ ಮಾರಾಟದ ಪುಸ್ತಿಕೆ. ಇದನ್ನು ಮಾತ್ರ ಖಂಡಿತ ಹುಡುಕಿ. ಮಾರುವವನು ಪ್ರತಿಯೊಂದು ಗಾಜಿನ ಮನೆಯನ್ನೂ ಹೊಗಳಿ ಬರೆದಿರುತ್ತಾನೆ, ಯಾವುದರಲ್ಲಿ ದ್ರಾಕ್ಷಿ, ಯಾವುದರಲ್ಲಿ ಟೊಮೆಟೊ, ಬಾಯ್ಲರ್ ಎಲ್ಲಿ ಅಂತ. ನಕ್ಷೆ ಹೇಳದ್ದನ್ನೆಲ್ಲ ಅದು ಹೇಳುತ್ತದೆ.

ಆಮೇಲೆ ಆಕಾಶದಿಂದ ತೆಗೆದ ಫೋಟೋಗಳು. 1940ರ ದಶಕದ ವಾಯುಸೇನೆಯ ಚಿತ್ರಗಳಲ್ಲಿ ಸಾಲುಗಳಲ್ಲಿ ಬೆಳೆದ ತರಕಾರಿಯೂ ಕಾಣುತ್ತದೆ. ಎಡಿನ್‌ಬರೋದ ವೈಮಾನಿಕ ಚಿತ್ರಗಳ ರಾಷ್ಟ್ರೀಯ ಸಂಗ್ರಹ, ಹಿಸ್ಟಾರಿಕ್ ಇಂಗ್ಲೆಂಡಿನ ತಾಣ, ಬ್ರಿಟನ್ ಫ್ರಮ್ ಅಬವ್, ಈ ಮೂರೂ ಕಡೆ ನೋಡಿ. ಬರಗಾಲದ ಬೇಸಿಗೆಯ ಚಿತ್ರ ಸಿಕ್ಕರೆ ಇನ್ನೂ ಒಳ್ಳೆಯದು. ನೆಲದಡಿಯ ಅಡಿಪಾಯದ ಮೇಲೆ ಹುಲ್ಲು ಬೇಗ ಒಣಗಿ ಗೆರೆಯಾಗಿ ಕಾಣುತ್ತದೆ. 2018ರ ಬಿಸಿಲಿನಲ್ಲಿ ಇಂಗ್ಲೆಂಡಿನ ಚಾಟ್ಸ್‌ವರ್ತ್ ಎಸ್ಟೇಟಿನಲ್ಲಿ 1699ರ ಹೂತೋಟದ ವಿನ್ಯಾಸ ಹುಲ್ಲಿನ ಮೇಲೆ ಹಾಗೇ ಎದ್ದು ಬಂದಿತ್ತು.

ನಿಮ್ಮ ಹತ್ತಿರದ ನಕ್ಷೆಯನ್ನು ನೆಲದ ಮೇಲೆ ಕೂರಿಸುವುದು

ಎಸ್ಟೇಟ್ ನಕ್ಷೆಯ ಫೋಟೋ ಸಿಕ್ಕಿದೆ ಅಂದುಕೊಳ್ಳಿ. ಕ್ಯೂಜಿಐಎಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ಜಿಯೊರೆಫರೆನ್ಸರ್ ತೆರೆದು, ಫೋಟೋದ ಮೇಲಿನ ಒಂದೊಂದು ಬಿಂದುವನ್ನು ಇವತ್ತಿನ ನಕ್ಷೆಯ ಅದೇ ಬಿಂದುವಿಗೆ ಜೋಡಿಸಬೇಕು. ಬಿಂದು ಆರಿಸುವುದರಲ್ಲೇ ಎಲ್ಲ ಇರುವುದು. ಚರ್ಚಿನ ಮೂಲೆ, ಸೇತುವೆಯ ತುದಿ, ಹಳೆಯ ತೋಟದ ಮನೆಯ ಮೂಲೆ ಒಳ್ಳೆಯವು. ಮರ, ಹೊಳೆಯ ತಿರುವು, ರಸ್ತೆಯ ಬಾಗು ಬೇಡ, ಅವು ಸರಿದಿರುತ್ತವೆ. ನೀವು ಪರೀಕ್ಷಿಸಬೇಕಾದ ಗೋಡೆಯ ಮೂಲೆಗಳನ್ನೂ ಬಿಂದುವಾಗಿ ಬಳಸಬೇಡಿ. ಬಳಸಿದರೆ ಗೋಡೆ ಸರಿಯಾಗಿ ಕೂತಂತೆ ತಂತ್ರಾಂಶವೇ ಮಾಡಿಬಿಡುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. ನಾಲ್ಕು ಬಿಂದು ಕನಿಷ್ಠ, ಹತ್ತರ ತನಕ ಇದ್ದು ಹಾಳೆಯ ತುಂಬ ಹರಡಿದ್ದರೆ ಚೆನ್ನ. ಮೊದಲು ಸರಳವಾದ ರೂಪಾಂತರ ಹಾಕಿ ನೋಡಿ. ರಬ್ಬರಿನಂತೆ ಎಳೆಯುವ ವಿಧಾನ ಎಲ್ಲವನ್ನೂ ಚಂದ ಕಾಣಿಸುತ್ತದೆ, ಆದರೆ ನಕ್ಷೆಯಲ್ಲಿದ್ದ ದೋಷವನ್ನೂ ಮುಚ್ಚಿಹಾಕುತ್ತದೆ.

ಸ್ಥಳಕ್ಕೆ ಹೋದಾಗ

ನಕ್ಷೆಯ ಪ್ರತಿ ಹಿಡಿದುಕೊಂಡೇ ಹೋಗಿ. ಗೋಡೆಯಲ್ಲಿ ಮುಚ್ಚಿದ ಬಾಗಿಲು, ಬಣ್ಣ ಬದಲಾದ ಇಟ್ಟಿಗೆ, ಎತ್ತರ ಏರಿಸಿದ ಗುರುತು ನೋಡಿ. ಸಾಲುಸಾಲು ಮೊಳೆ ತೂತುಗಳಿದ್ದರೆ ಅಲ್ಲಿ ಹಣ್ಣಿನ ಕೊಂಬೆಗಳನ್ನು ಬಟ್ಟೆಪಟ್ಟಿಯಿಂದ ಗೋಡೆಗೆ ಕಟ್ಟುತ್ತಿದ್ದರು. ಸುಣ್ಣ ಬಳಿದ ಓರೆ ಗುರುತು ಇದ್ದರೆ ಒರಗಿ ನಿಂತಿದ್ದ ಗಾಜಿನ ಮನೆಯ ಚಾವಣಿ ಅದು. ಇಟ್ಟಿಗೆಯ ಅಳತೆ ತೆಗೆದುಕೊಳ್ಳಿ. ತೆರಿಗೆ ಇಟ್ಟಿಗೆಯ ಸಂಖ್ಯೆಯ ಮೇಲೆ ಇದ್ದ ಕಾರಣ ಕೆಲವರು ದೊಡ್ಡ ಇಟ್ಟಿಗೆ ಮಾಡಿಸಿದರು.

ಡನ್‌ಮೋರ್‌ಗೆ ಹೋದರೆ ಅನಾನಸನ್ನು ಹತ್ತಿರದಿಂದ ನೋಡಿ. ಕಲ್ಲಿನ ಪ್ರತಿ ಎಲೆಯೂ ನೀರು ನಿಲ್ಲದಂತೆ ಇಳಿಜಾರಾಗಿದೆ. ನೀರು ನಿಂತು ಹೆಪ್ಪುಗಟ್ಟಿದರೆ ಕಲ್ಲು ಸೀಳುತ್ತದಲ್ಲ, ಅದಕ್ಕೆ. ಎರಡೂ ಬದಿಯಲ್ಲಿರುವ ಕಲ್ಲಿನ ಹೂದಾನಿಗಳು ನಿಜಕ್ಕೂ ಕುಲುಮೆಯ ಹೊಗೆ ಕೊಳವೆಗಳು. ಉತ್ತರದ ಕಡೆ ನೆಲ ಎತ್ತರ, ಆ ಬದಿಯಿಂದ ಕಟ್ಟಡ ಒಂದೇ ಅಂತಸ್ತು. ದಕ್ಷಿಣದ ಕಡೆಯಿಂದ ಎರಡು. ಕೆತ್ತಿದ ವರ್ಷ 1761, ಆದರೆ ಕಟ್ಟಿಸಿದ ನಾಲ್ಕನೇ ಅರ್ಲ್ ಜಾನ್ ಮರ್ರಿ ಆಮೇಲೆ ಅಮೆರಿಕಕ್ಕೆ ಹೋಗಿ ವರ್ಜೀನಿಯಾದ ಗವರ್ನರ್ ಆಗಿದ್ದ, ಅಲ್ಲಿನ ಕ್ರಾಂತಿಯ ಹೊತ್ತಿಗೆ ವಾಪಸು ಬಂದ. ಮೇಲಿನ ಅನಾನಸನ್ನು ಅವನು ಬಂದ ಮೇಲೆ ಸೇರಿಸಿದ್ದು ಅನ್ನುವ ಅಭಿಪ್ರಾಯ ಇದೆ. ಕಲ್ಲಿನ ಮೇಲಿನ ವರ್ಷ ಇಡೀ ಕಟ್ಟಡದ ವರ್ಷ ಆಗಿರಬೇಕಿಲ್ಲ.

ಬರೆದಿಡುವುದು

ಒಂದು ಸರಳ ಕೋಷ್ಟಕ ಸಾಕು. ಸರ್ವೆ ವರ್ಷ, ನಕ್ಷೆಯ ಹೆಸರು, ಯಾಕೆ ಮಾಡಿದ್ದು, ಏನು ಕಾಣುತ್ತದೆ, ಏನು ಕಾಣುವುದಿಲ್ಲ. ಕೊನೆಯ ಅಂಕಣದಲ್ಲಿ ನಿಮ್ಮ ಊಹೆ, ಬೇರೆ ಬಣ್ಣದಲ್ಲಿ. ಗಾಜಿನ ಮನೆ ಯಾವಾಗ ಕಟ್ಟಿದರು ಅನ್ನುವುದಕ್ಕೆ 1862 ಅಂತ ಒಂದೇ ವರ್ಷ ಬರೆಯಬೇಡಿ. 1841ರ ನಕ್ಷೆಯಲ್ಲಿ ಇಲ್ಲ, 1862ರದ್ದರಲ್ಲಿ ಇದೆ, ಅಂದರೆ ಆ ಎರಡರ ನಡುವೆ. ಈ ಅಂತರವನ್ನು ಕಿರಿದು ಮಾಡಲು ಜನಗಣತಿ ನೋಡಿ. 1841ರಿಂದ ಹತ್ತು ವರ್ಷಕ್ಕೊಮ್ಮೆ ಮನೆಮನೆಯ ಹೆಸರು, ಕಸುಬು ಸಿಗುತ್ತದೆ. ಒಂದು ಗಣತಿಯಿಂದ ಮುಂದಿನ ಗಣತಿಗೆ ತೋಟಗಾರರ ಸಂಖ್ಯೆ ಎರಡರಿಂದ ಎಂಟಕ್ಕೆ ಏರಿದ್ದರೆ ಗಾಜು ಬಂದದ್ದು ಆಗಲೇ ಇರಬಹುದು. 1841ರಲ್ಲೇ ಶುರುವಾದ ಗಾರ್ಡನರ್ಸ್ ಕ್ರಾನಿಕಲ್ ಪತ್ರಿಕೆಯಲ್ಲಿ ದೊಡ್ಡ ತೋಟಗಳ ವರದಿಗಳು ಬರುತ್ತಿದ್ದವು, ಅಲ್ಲೂ ಎಸ್ಟೇಟಿನ ಹೆಸರು ಹಾಕಿ ಹುಡುಕಿ.

ಮುಗಿದ ಮೇಲೆ ಒಂದು ಪ್ರತಿಯನ್ನು ಆ ಕೌಂಟಿಯ ಐತಿಹಾಸಿಕ ಪರಿಸರ ದಾಖಲೆ ವಿಭಾಗಕ್ಕೆ ಕಳಿಸಿ. ಮುಂದೆ ಯಾರಾದರೂ ಆ ಗೋಡೆಯನ್ನು ಕೆಡವಲು ಅರ್ಜಿ ಹಾಕಿದರೆ ಅಧಿಕಾರಿಗಳು ಮೊದಲು ತೆರೆಯುವ ಕಡತಗಳಲ್ಲಿ ಅದೂ ಒಂದು. ತೋಟ ಖಾಸಗಿಯದಾದರೆ ಮಾಲೀಕರಿಗೂ ಒಂದು ಪ್ರತಿ ಕೊಡಿ. ಒಳಗೆ ಹೋಗುವ ಮೊದಲು ಅವರ ಅನುಮತಿ ಕೇಳಿ, ಸ್ಕಾಟ್ಲೆಂಡಿನಲ್ಲಿ ಓಡಾಡುವ ಹಕ್ಕು ಇದ್ದರೂ ಮನೆಯವರ ಖಾಸಗಿ ತೋಟಕ್ಕೆ ಅದು ಅನ್ವಯಿಸುವುದಿಲ್ಲ. ಡನ್‌ಮೋರ್‌ನ ತೋಟ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡಿನದು, ಜನರಿಗೆ ತೆರೆದಿದೆ. ಅನಾನಸ್ ಕಟ್ಟಡವನ್ನು ಲ್ಯಾಂಡ್‌ಮಾರ್ಕ್ ಟ್ರಸ್ಟ್ ಮೂಲಕ ಬಾಡಿಗೆಗೆ ಹಿಡಿದು ಉಳಿದುಕೊಳ್ಳಲೂ ಬಹುದು.